ಖಾರದ ಪುಡಿ ಒಂದೇ ರೀ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೋದರೆ ಸೋಮವಾರ ಇಲ್ಲವೇ ಗುರುವಾರ ಹೋಗಬೇಕು, ಅದು ಟೆಂಡರಿನ ದಿನ. ಚೀಲಗಳ ಸಾಲಿನ ನಡುವೆ ಕಾಲಿಟ್ಟರೆ ಮೊದಲು ಸೀನು, ಆಮೇಲೆ ಕಣ್ಣೀರು, ಕಣ್ಣೊರೆಸಿಕೊಂಡರೆ ಆ ಕೆಂಪು! ನನಗೆ ಅದರ ಹುಚ್ಚು ಇನ್ನೂ ಬಿಟ್ಟಿಲ್ಲ. ರಾಣೆಬೆನ್ನೂರಿನ ನಮ್ಮ ಮನೆಯ ಪಡಸಾಲೆಯೇ ನನ್ನ ಅಂಗಡಿ. ಯಜಮಾನಿ, ಆಳು, ಲೆಕ್ಕದವಳು ಎಲ್ಲ ನಾನೇ. ಮಾರುವುದು ಖಾರದ ಪುಡಿ ಒಂದೇ.

ಮೇಲಿನ ಕಾಯಿ ನೋಡಿ ಮರುಳಾಗುವವರಿಗೆ ಈ ವ್ಯಾಪಾರ ಅಲ್ಲ. ಮೊಣಕೈವರೆಗೆ ಕೈ ಇಳಿಸಿ ಚೀಲದ ತಳದಿಂದ ಒಂದು ಹಿಡಿ ತೆಗೆಯುತ್ತೇನೆ. ಬ್ಯಾಡಗಿ ಕಾಯಿಯಲ್ಲಿ ಎರಡು ಬಗೆ. ಕಡ್ಡಿ ಕಾಯಿ ಉದ್ದ, ಸಪೂರ, ಮೈತುಂಬ ಸುಕ್ಕು. ಡಬ್ಬಿ ಗಿಡ್ಡ, ದಪ್ಪ, ಬೀಜ ಹೆಚ್ಚು. ಎರಡರಲ್ಲೂ ಬಣ್ಣ ಜಾಸ್ತಿ, ಖಾರ ಕಡಿಮೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಬೀಜ ಗಲಗಲ ಎನ್ನಬೇಕು. ಹಿಸುಕಿದಾಗ ಮೆತ್ತಗೆ ಮುದುರಿಕೊಂಡರೆ ತೇವ ಉಳಿದಿದೆ ಎಂದೇ ಲೆಕ್ಕ. ಮೆಣಸಿನಕಾಯಿಯ ರೇಟಿಗೆ ನೀರು ಕೊಂಡ ಹಾಗೆ. ಅನುಮಾನ ಬಂದರೆ ಸೀಳಿ ನೋಡುತ್ತೇನೆ. ಒಳಗೆ ಬೂಷ್ಟು ಕಂಡರೆ ಮುಂದಿನ ಚೀಲ.

ಮನೆಗೆ ತಂದ ಮೇಲೆ ತುಂಬು, ಅಂದರೆ ತೊಟ್ಟು, ಬಿಡಿಸಬೇಕು, ಬಿಸಿಲಿಗೆ ಹರವಬೇಕು. ಗಿರಣಿ ನನ್ನದಲ್ಲ, ಆದರೆ ಅಲ್ಲಿ ನಿಂತು ಕುಟ್ಟಿಸುವುದು ನಾನೇ. ಬಿಸಿ ಪುಡಿಯನ್ನು ಹಾಗೇ ತುಂಬಿದರೆ ಬೆವರಿ ಗಂಟಾಗುತ್ತದೆ. ಬಟ್ಟೆಯ ಮೇಲೆ ಹರವಿ ಪೂರ್ತಿ ಆರಿಸುತ್ತೇನೆ. ಆ ಹೊತ್ತಿನ ಘಮಕ್ಕೆ ಪಕ್ಕದ ಮನೆಯವರೂ ಹಣಿಕಿ ಹಾಕುತ್ತಾರೆ.

“ಅಕ್ಕಾರ, ಉಪ್ಪಿನಕಾಯಿನೂ ಹಾಕ್ರಿ, ಹಪ್ಪಳನೂ ಮಾಡ್ರಿ. ಗಿರಾಕಿ ಹೆಂಗೂ ಮನಿಗೇ ಬರ್ತಾರಲ್ಲ!” ಹೀಗೆ ಹೇಳದವರೇ ಇಲ್ಲ. ಮಾಡಬಹುದು. ಆದರೆ ಹಪ್ಪಳ ಒಣಗಿಸುವ ಬಿಸಿಲೂ ಮೆಣಸಿನಕಾಯಿ ಒಣಗಿಸುವ ಬಿಸಿಲೂ ಒಂದೇ, ಕೈಗಳೂ ಇವೆರಡೇ. ನನಗೆ ಗೊತ್ತಿರುವ ವಿದ್ಯೆ ಕಾಯಿ ಆರಿಸುವುದು. ಬ್ಯಾಡಗಿ ಕಾಯಿಗೆ 2011ರಲ್ಲೇ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ, ಅದರ ಬಣ್ಣ ತೆಗೆದು ಲಿಪ್‌ಸ್ಟಿಕ್ಕಿಗೂ ಬಳಸುತ್ತಾರೆ. ಆ ದೊಡ್ಡ ವ್ಯವಹಾರ ಕಾರ್ಖಾನೆಗಳ ಪಾಲಿಗಿರಲಿ.

ನನ್ನ ಹಟಕ್ಕೆ ಬೆಂಬಲ ಸಿಕ್ಕಿದ್ದು ಹಾವೇರಿಯಲ್ಲಿ. ಅಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಮಲೆನಾಡಿನಿಂದ ಬಂದ ಕಾಯಿಯನ್ನು ಊರಿನ ಬಾವಿ ನೀರಲ್ಲಿ, ಅಂಟವಾಳದ ನೊರೆಯಲ್ಲಿ ತೊಳೆದು ಬೆಳ್ಳಗೆ ಮಾಡಿಯೇ ಹಾವೇರಿ ಏಲಕ್ಕಿಗೆ ಹೆಸರಾಯಿತು. ಈಗಲೂ ಅಲ್ಲಿನ ಪಟವೇಗಾರ ಮನೆತನದವರು ಏಲಕ್ಕಿ ಹಾರ ಕಟ್ಟುವುದನ್ನು ನೋಡುತ್ತ ನಿಂತರೆ ನನಗೆ ಬಸ್ಸು ತಪ್ಪುತ್ತದೆ. ಒಂದೇ ಗಾತ್ರದ ದುಂಡು ಕಾಯಿ ಆರಿಸಿ, ಸಿಪ್ಪೆ ಸೀಳದ ಹಾಗೆ ಸೂಜಿ ದಾಟಿಸುವ ಆ ಬೆರಳುಗಳಿಗೆ ಗುಲಾಬಿ ಹಾರವನ್ನೂ ಕಟ್ಟಿ ಎಂದು ಯಾರೂ ಬುದ್ಧಿ ಹೇಳುವುದಿಲ್ಲ.

ಉಪ್ಪಿನಕಾಯಿ ಕೇಳಿ ಬಂದವರನ್ನು ನಮ್ಮ ಓಣಿಯ ತುದಿಯ ಮನೆಗೆ ಕಳಿಸುತ್ತೇನೆ, ಅವರು ಖಾರ ಕೇಳಿದವರನ್ನು ನನ್ನ ಕಡೆ ಕಳಿಸುತ್ತಾರೆ. ವರ್ಷದ ಖಾರ ಬೇಕಾದವರು ಯುಗಾದಿಗೆ ಮುಂಚೆ ಹೇಳಿಬಿಡಿ. ಮಳೆಗಾಲದಲ್ಲಿ ಬಂದರೆ ಚಹಾ ಸಿಗುತ್ತದೆ, ಖಾರದ ಪುಡಿ ಸಿಗುವುದಿಲ್ಲ.