ಪೆಟ್ಟಿಗೆ ಕೂರಿಸಿದ್ದಾಯ್ತು, ಅವ್ವ ಎಲ್ಲಿ ಕೂರೋದು?

ಈಗೀಗ ನಮ್ಮ ಕಡೆ ಕ್ರೂಸರ್ ಬೈಕ್‌ಗಳು ಜಾಸ್ತಿಯಾಗಿವೆ. ಅವೆಂಜರ್, ಮೀಟಿಯರ್, ಹಳೇ ಥಂಡರ್‌ಬರ್ಡ್. ಭಾನುವಾರ ಬೆಳಗ್ಗೆ ಶ್ರೀರಂಗಪಟ್ಟಣದಲ್ಲಿ ನಿಂತರೆ ಬೆಂಗಳೂರು ಕಡೆಯಿಂದ ಸಾಲುಸಾಲಾಗಿ ಬರುತ್ತವೆ. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡುವುದಿಲ್ಲ, ಹಾಗಾಗಿ ಸರ್ವಿಸ್ ರಸ್ತೆಯಲ್ಲಿ ನಮ್ಮ ಕಣ್ಣೆದುರೇ ಹಾದುಹೋಗುತ್ತಾರೆ. ಹಿಂದಿನ ಚಕ್ರದ ಎರಡೂ ಪಕ್ಕ ಗಟ್ಟಿ ಪೆಟ್ಟಿಗೆ, ಅದಕ್ಕೆ ಬೀಗ. ನೋಡಿದ ನಮ್ಮ ಹುಡುಗರಿಗೂ ಆಸೆ. ಮೈಸೂರಿಗೆ ಹೋಗಿ ಹಾಕಿಸಿಕೊಂಡು ಬರುತ್ತಿದ್ದಾರೆ. ನಾವೂ ಹಾಕಿಸಿದೆವು. ಆಗ ಕಂಡದ್ದನ್ನು ಇಲ್ಲಿ ಬರೆದಿದ್ದೇವೆ.

ಎರಡು ಪಕ್ಕ ಭಾರ ಹೊರಿಸುವುದು ನಮಗೇನು ಹೊಸದಲ್ಲ. ಎತ್ತು, ಕತ್ತೆಗಳ ಬೆನ್ನಿನ ಮೇಲೆ ಎರಡು ಕಡೆ ಇಳಿಬಿಟ್ಟ ಮೂಟೆಗೆ ನಮ್ಮ ಹಿರಿಯರು ಹೇರು ಅನ್ನುತ್ತಿದ್ದರು. ಈಗ ಅದೇ ಕೆಲಸವನ್ನು ಹಾಲಿನವರ ಗಾಡಿ ಮಾಡುತ್ತದೆ. ಬೆಳಗ್ಗೆ ಆರು ಗಂಟೆಗೆ ಯಾವ ಊರಿನ ಡೈರಿ ಮುಂದೆ ನಿಂತರೂ ಕಬ್ಬಿಣದ ಕೊಕ್ಕೆಗೆ ಎರಡು ಕಡೆ ಕ್ಯಾನು ತೂಗುಹಾಕಿಕೊಂಡು ಬರುವವರು ಸಿಗುತ್ತಾರೆ. ಅವರನ್ನೇ ನಾವು ಮೊದಲು ಕೇಳಿದ್ದು. "ಒಂದ್ ಕ್ಯಾನ್ ತುಂಬಿ ಒಂದ್ ಕ್ಯಾನ್ ಖಾಲಿ ಬುಟ್ರೆ ಹ್ಯಾಂಡ್ಲು ಎಳೀತದೆ ಕಣಣ್ಣ. ಎಲ್ಡಕ್ಕೂ ಅರ್ಧರ್ಧ ಸುರೀಬೇಕು" ಅಂದರು. ಸೈಡ್ ಬಾಕ್ಸ್ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಮಾತು ನಮಗೆ ಯಾವ ಅಂಗಡಿಯಲ್ಲೂ ಸಿಗಲಿಲ್ಲ.

ನಾವು ನಾಲ್ವರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ತಾಲ್ಲೂಕಿಗೊಬ್ಬರು. ಪತ್ರಿಕೋದ್ಯಮ ಓದಿ ಊರಿನ ಸುದ್ದಿ ಬರೆಯಲು ನಿಂತವರು. ಕ್ಯಾಮೆರಾ, ಮೈಕು, ಟ್ರೈಪಾಡ್, ರೈನ್‌ಕೋಟು ಹೊತ್ತು ತಿರುಗಬೇಕು. ಮಳೆಗಾಲದಲ್ಲಿ ಬೆನ್ನಿನ ಬ್ಯಾಗು ನೆನೆದರೆ ಆ ದಿನದ ಕೆಲಸ ಹಾಳು. ಇರುವುದು ಪಾಂಡವಪುರದ ಗೆಳೆಯನ ಸೆಕೆಂಡ್ ಹ್ಯಾಂಡ್ ಅವೆಂಜರ್ ಒಂದೇ. ಅದಕ್ಕೆ ಬೀಗದ ಪೆಟ್ಟಿಗೆ ಹಾಕಿಸೋಣ ಅಂತ ನಾಲ್ವರೂ ದುಡ್ಡು ಸೇರಿಸಿದೆವು.

ಆ ಗಾಡಿಗೆ ಇನ್ನೊಂದು ಕೆಲಸವಿದೆ. ಗೆಳೆಯನ ಅವ್ವನಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ಕರೆದುಕೊಂಡು ಹೋಗಿ ಬರುವುದು ಈ ಗಾಡಿಯಲ್ಲೇ. ಗೆಳೆಯ ಅವೆಂಜರ್ ತಗೊಂಡಿದ್ದೂ ಅದಕ್ಕೇ. ಸ್ಪ್ಲೆಂಡರ್ ಸೀಟು ನೆಲದಿಂದ 785 ಮಿ.ಮೀ. ಎತ್ತರ, ಅವೆಂಜರ್‌ನಲ್ಲಿ ಸವಾರನ ಸೀಟು 737 ಮಿ.ಮೀ. ಗಾಡಿಯೇ ತಗ್ಗು, ಹಿಂದಿನ ಸೀಟು ಅಗಲ, ಒರಗಿಕೊಳ್ಳಲು ದಿಂಬೂ ಇದೆ. ಸುಸ್ತಾದ ಜೀವ ಹತ್ತಿ ಇಳಿಯುವುದು ಸುಲಭ.

ಮೈಸೂರಿನ ಒಂದು ಅಂಗಡಿಗೆ ಗಾಡಿ ಬಿಟ್ಟೆವು. ಸಂಜೆ ಹೋದಾಗ ಪೆಟ್ಟಿಗೆ ಕೂತಿತ್ತು, ನೋಡಲು ಜೋರಾಗಿತ್ತು. ಅಂಗಡಿಯವರು ಒಂದು ಪ್ಲಾಸ್ಟಿಕ್ ಕವರ್ ಕೈಗೆ ಕೊಟ್ಟರು. ಒಳಗೆ ಸೀರೆ ಗಾರ್ಡು, ಎಡಗಡೆಯ ಕಾಲುಪಟ್ಟಿ. "ಇವು ಅಡ್ಡ ಬರ್ತಿತ್ತು ಸಾರ್, ಬಿಚ್ಚಿದೀವಿ. ಈ ಗಾಡಿಗೆ ಯಾರೂ ಇಟ್ಕೊಳಲ್ಲ" ಅಂದರು. ಬಿಚ್ಚುವ ಮುಂಚೆ ಒಂದು ಫೋನ್ ಮಾಡಿ ಕೇಳಿರಲಿಲ್ಲ.

ಮನೆ ಮುಂದೆ ಗಾಡಿ ನಿಲ್ಲಿಸಿದಾಗ ಅವ್ವ ಒಂದು ಸುತ್ತು ಹಾಕಿ ನೋಡಿದರು. "ಪೆಟ್ಟಿ ಚೆಂದಾಗದೆ ಕಣ್ಲಾ. ನನ್ ಕಾಲ್ ಎಲ್ಲಿ ಮಡಗ್ಲಿ?" ಅಂದರು.

ನಮ್ಮಲ್ಲಿ ಯಾರಿಗೂ ಉತ್ತರ ಇರಲಿಲ್ಲ. ಅವ್ವನಂಥವರು ಒಂದೇ ಕಡೆಗೆ, ಎಡಕ್ಕೆ ಎರಡೂ ಕಾಲು ಇಳಿಬಿಟ್ಟು ಕೂರುತ್ತಾರೆ. ಪೆಟ್ಟಿಗೆ ಕೂತಿದ್ದು ಅದೇ ಜಾಗದಲ್ಲಿ. ಪಕ್ಕದ ಮನೆಯವರು "ಬಸ್ಸಲ್ಲಿ ಹೋಗಕ್ಕ, ಹೆಂಗೂ ಫ್ರೀ" ಅಂದರು. "ಫ್ರೀಯೇನೋ ಸರಿ, ಬಸ್ಸೆಲ್ಲಿ ಅದೆ?" ಅಂದರು ಅವ್ವ. ಶಕ್ತಿ ಯೋಜನೆ ಬಂದಿದ್ದು 2023ರ ಜೂನ್‌ನಲ್ಲಿ. ಆದರೆ ಅವರ ಊರಿಗೆ ಡಯಾಲಿಸಿಸ್ ಹೊತ್ತಿಗೆ ಸರಿಯಾಗಿ ಬರುವ ಬಸ್ಸೇ ಇಲ್ಲ. ಒಂದು ಸರದಿ ತಪ್ಪಿದರೆ ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ. ಆ ವಾರ ಎರಡು ಸಲವೂ ಆಟೋಗೆ ದುಡ್ಡು ಕೊಟ್ಟೆವು.

ಸೀರೆ ಗಾರ್ಡು ಅಂದರೆ ಶೋಕಿಗೆ ಹಾಕಿರುವ ಕಂಬಿಯಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 123ನೇ ನಿಯಮ ಇದನ್ನು ಕಡ್ಡಾಯ ಮಾಡಿದೆ. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಗದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಾಗದಂತೆ ಮರೆ ಇರಬೇಕು, ಹಿಡಿದುಕೊಳ್ಳಲು ಹಿಡಿಕೆ ಇರಬೇಕು, ಕಾಲಿಡಲು ಜಾಗ ಇರಬೇಕು. ಸೆರಗೋ ದುಪಟ್ಟಾವೋ ಚಕ್ರಕ್ಕೆ ಸುತ್ತಿಕೊಂಡರೆ ಕೂತವರನ್ನು ಒಂದೇ ಏಟಿಗೆ ಕೆಳಕ್ಕೆಳೆಯುತ್ತದೆ. ಬ್ರೇಕ್ ಹಿಡಿಯುವಷ್ಟು ಹೊತ್ತೂ ಸಿಗುವುದಿಲ್ಲ. ಪೆಟ್ಟಿಗೆಯೇ ಚಕ್ರವನ್ನು ಮುಚ್ಚುತ್ತದಲ್ಲ ಅಂತ ಕೆಲವರು ಹೇಳುತ್ತಾರೆ. ಪೆಟ್ಟಿಗೆಯ ಮುಂದೆ, ಕಾಲಿನ ಹತ್ತಿರ ಚಕ್ರ ತೆರೆದೇ ಇರುತ್ತದೆ. ಸೆರಗು ಜಾರುವುದೂ ಅಲ್ಲಿಗೇ.

ಪಕ್ಕದ ಪೆಟ್ಟಿಗೆ ಬೇಡ, ಹಿಂದೆ ಒಂದೇ ಪೆಟ್ಟಿಗೆ ಸಾಕು ಅನ್ನುವವರಿಗೂ ಅಳತೆ ಇದೆ. ಕೇಂದ್ರ ಸಾರಿಗೆ ಸಚಿವಾಲಯ 2020ರಲ್ಲಿ ಹೇಳಿದ ಪ್ರಕಾರ ಉದ್ದ 550, ಅಗಲ 510, ಎತ್ತರ 500 ಮಿ.ಮೀ. ಮೀರಬಾರದು. ಹಿಂದೆ ಕೂರುವವರ ಜಾಗದಲ್ಲೇ ಅದನ್ನು ಇಟ್ಟರೆ ಓಡಿಸುವವರೊಬ್ಬರೇ ಹೋಗಬೇಕು. ಅಂದರೆ ಒಂದು ಜಾಗದಲ್ಲಿ ಪೆಟ್ಟಿಗೆ ಇರಬೇಕು ಇಲ್ಲವೇ ಮನುಷ್ಯ ಇರಬೇಕು.

ಕೊನೆಗೆ ಕೆ.ಆರ್.ಪೇಟೆಯ ಒಂದು ವೆಲ್ಡಿಂಗ್ ಶಾಪಿಗೆ ಹೋದೆವು. ಹಾಲಿನವರ ಗಾಡಿಗೆ ಕೊಕ್ಕೆ ಮಾಡಿಕೊಡುವ ಯಜಮಾನರು. ಎಲ್ಲ ಬಿಚ್ಚಿಸಿ, ಮೊದಲು ಸೀರೆ ಗಾರ್ಡು, ಕಾಲುಪಟ್ಟಿ ವಾಪಸ್ ಹಾಕಿಸಿದರು. "ಇದು ಇದ್ದಂಗೇ ಇರ್ಲಿ. ಇದರ ಆಚೆಗೆ ಏನಾಯ್ತದೋ ನೋಡುವ" ಅಂದರು. ಅವರು ಮಾಡಿದ ಕೆಲಸ ಬೇರೆಯವರಿಗೂ ಉಪಯೋಗವಾಗಲಿ ಅಂತ ಬಿಡಿಸಿ ಹೇಳುತ್ತೇವೆ.

ಗಾಡಿಯ ಚಾಸಿಗೆ ತೂತು ಹೊಡೆಯಲಿಲ್ಲ, ವೆಲ್ಡಿಂಗ್ ಮಾಡಲಿಲ್ಲ. ಎರಡರಿಂದಲೂ ಚಾಸಿ ಬಲ ಕಳೆದುಕೊಳ್ಳುತ್ತದೆ. ಬೇರೆ ಕಬ್ಬಿಣದ ಪಟ್ಟಿಯಲ್ಲಿ ಚೌಕಟ್ಟು ಮಾಡಿ, ಗಾಡಿಯಲ್ಲಿ ಮೊದಲೇ ಇರುವ ಬೋಲ್ಟುಗಳಿಗೆ ಕೂರಿಸಿದರು. ಒಂದೊಂದು ಕಡೆ ಮೂರು ಹಿಡಿತ. ಎರಡೇ ಇದ್ದರೆ ಹಂಪಿನಲ್ಲಿ ಪೆಟ್ಟಿಗೆ ಕುಣಿಯುತ್ತದೆ. ಎಡ ಬಲ ಚೌಕಟ್ಟುಗಳನ್ನು ನಂಬರ್ ಪ್ಲೇಟ್ ಕೆಳಗೆ ಅಡ್ಡಪಟ್ಟಿಯಿಂದ ಸೇರಿಸಿದರು, ಭಾರಕ್ಕೆ ಅಗಲಿಸಿಕೊಳ್ಳಬಾರದು ಅಂತ.

ಸೈಲೆನ್ಸರ್ ಬಲಗಡೆ ಇದೆ. ಬಲದ ಪೆಟ್ಟಿಗೆಯನ್ನು ಅದರಿಂದ ನಾಲ್ಕು ಬೆರಳು ಮೇಲೆತ್ತಿ, ನಡುವೆ ಗಾಳಿಯಾಡುವಂತೆ ಅಲ್ಯೂಮಿನಿಯಂ ತಗಡು ಕೊಟ್ಟರು. ಇಲ್ಲದಿದ್ದರೆ ಪೆಟ್ಟಿಗೆಯ ತಳ ಕರಗುತ್ತದೆ, ಒಳಗಿನ ಬ್ಯಾಟರಿಗೂ ಬಿಸಿ ತಾಗುತ್ತದೆ. ಆಮೇಲೆ ಇಬ್ಬರನ್ನು ಕೂರಿಸಿ ಗಾಡಿ ಅದುಮಿಸಿ ನೋಡಿದರು. ಪೆಟ್ಟಿಗೆ, ಸೈಲೆನ್ಸರ್ ಎರಡೂ ಬಾಡಿಗೆ ಕಟ್ಟಿರುವುದರಿಂದ ಅವುಗಳ ನಡುವಿನ ಅಂತರ ಬದಲಾಗುವುದಿಲ್ಲ. ಮೇಲೆ ಕೆಳಗೆ ಆಡುವುದು ಚಕ್ರ. ಚಕ್ರ ಹಿಡಿದಿರುವ ತೋಳು ಚೌಕಟ್ಟಿಗೆ ತಾಗಬಾರದು.

ಹಿಂದಿನ ಇಂಡಿಕೇಟರ್ ಪೆಟ್ಟಿಗೆಯ ಮರೆಗೆ ಹೋಗಿತ್ತು. ವೈರ್ ಉದ್ದ ಮಾಡಿ ನಂಬರ್ ಪ್ಲೇಟ್ ಪಕ್ಕಕ್ಕೆ ತಂದು, ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ, ಎರಡೂ ಓರೆಯಿಂದ ನೋಡಿ ಖಾತ್ರಿ ಮಾಡಿಕೊಂಡೆವು. ಅಗಲ ಹ್ಯಾಂಡಲ್ ಮೀರದಂತೆ ನೋಡಿದರು. ಕಬ್ಬಿನ ಕಾಲದಲ್ಲಿ ಪಾಂಡವಪುರದ ರಸ್ತೆಯಲ್ಲಿ ಹೋಗುವವರಿಗೆ ಇದು ಗೊತ್ತು. ಟ್ರ್ಯಾಕ್ಟರ್ ಪಕ್ಕದ ಸಂದಿಯಲ್ಲಿ ಹ್ಯಾಂಡಲ್ ಹೋದರೆ ಪೆಟ್ಟಿಗೆಯೂ ಹೋಗಬೇಕು.

ಮುಖ್ಯವಾದದ್ದು ಇದು. ಪೆಟ್ಟಿಗೆಗಳನ್ನು ಚೌಕಟ್ಟಿನಿಂದ ಕೈಯಲ್ಲೇ ಕಳಚುವಂತೆ ಮಾಡಿಸಿದೆವು. ಅವ್ವ ಹೋಗುವ ದಿನ ಎರಡನ್ನೂ ತೆಗೆದು ಜಗುಲಿ ಮೇಲಿಡುತ್ತೇವೆ. ಎಡಗಡೆಯದು ಮಾತ್ರ ತೆಗೆದರೆ ಗಾಡಿ ಬಲಕ್ಕೆ ವಾಲುತ್ತದೆ, ಹಾಲಿನವರು ಹೇಳಿದ ಲೆಕ್ಕವೇ. ತೆಗೆದಾಗ ಉಳಿಯುವ ಪಟ್ಟಿಯ ತುದಿಗಳಿಗೆ ರಬ್ಬರ್ ಟೋಪಿ ಹಾಕಿಸಿದ್ದೇವೆ, ಸೀರೆ ಸಿಕ್ಕಿಕೊಳ್ಳಬಾರದು.

ಭಾರ ತುಂಬುವಾಗ ತೂಕದ್ದು ತಳಕ್ಕೆ, ಮುಂದಕ್ಕೆ. ಹಗುರದ್ದು ಮೇಲಕ್ಕೆ. ಕಂಪನಿ ಪೆಟ್ಟಿಗೆ ಮೇಲೆ ಬರೆದಿರುವ ತೂಕ ದಾಟಬೇಡಿ. ಪೆಟ್ಟಿಗೆ, ಚೌಕಟ್ಟಿನ ತೂಕವೂ ಗಾಡಿ ಹೊರುವ ಭಾರಕ್ಕೇ ಸೇರುತ್ತದೆ ಅನ್ನುವುದು ನೆನಪಿರಲಿ. ಮೊದಲ ನೂರು ಕಿಲೋಮೀಟರ್ ಆದ ಮೇಲೆ ಎಲ್ಲ ನಟ್ಟು ಒಮ್ಮೆ ಬಿಗಿ ಮಾಡಿಸಿ. ನಮ್ಮದರಲ್ಲಿ ಎರಡು ಸಡಿಲವಾಗಿದ್ದವು. ನಾಗಮಂಗಲದ ಕಡೆ ಹುರುಳಿ, ರಾಗಿ ಒಕ್ಕಣೆ ರಸ್ತೆ ಮೇಲೆ ನಡೆಯುವ ದಿನಗಳಲ್ಲಿ ಹೋಗಿ ಬಂದ ಮೇಲೆ ಚೌಕಟ್ಟಿನ ಸಂದಿ ನೋಡಿ. ಬಳ್ಳಿ, ಹುಲ್ಲು ಸಿಕ್ಕಿಕೊಂಡು ಬಿಸಿ ಸೈಲೆನ್ಸರ್‌ಗೆ ತಾಗಿದರೆ ಹೊಗೆಯಾಡುತ್ತದೆ.

ನೀವೂ ಹಾಕಿಸುವುದಾದರೆ ಅಂಗಡಿಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಮನೆಯಲ್ಲಿ ನಿಮ್ಮ ಹಿಂದೆ ಕೂರುವವರು ಯಾರೋ, ಅವ್ವನೋ, ಹೆಂಡತಿಯೋ, ಅಜ್ಜಿಯೋ, ಅವರನ್ನು ಗಾಡಿ ಮೇಲೆ ಅವರು ದಿನಾ ಕೂರುವ ಹಾಗೇ ಕೂರಿಸಿ. ಕಾಲು ಎಲ್ಲಿ ಬರುತ್ತದೆ, ಸೆರಗು ಎಲ್ಲಿ ಇಳಿಯುತ್ತದೆ, ಕೈ ಎಲ್ಲಿ ಹಿಡಿಯುತ್ತದೆ ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಫೋಟೋ ತೆಗೆದುಕೊಳ್ಳಿ. ಅಂಗಡಿಯವರಿಗೆ ಆ ಫೋಟೋ ತೋರಿಸಿ. ಗುರುತು ಬಿಟ್ಟು ಉಳಿದ ಜಾಗದಲ್ಲಿ ಎಷ್ಟು ದೊಡ್ಡ ಪೆಟ್ಟಿಗೆ ಹಿಡಿಯುತ್ತದೋ ಅಷ್ಟೇ ನಿಮ್ಮ ಗಾಡಿಗೆ ಸರಿಯಾದ ಪೆಟ್ಟಿಗೆ.