ಅರ್ಧ ದಾರಿಯಲ್ಲಿ ಕೂರುತ್ತಿದ್ದ ಮಾವ

ನಿಮ್ಮ ಮನೆಯ ಹಿರಿಯರು ನಡೆಯುವಾಗ ಎಲ್ಲಿ ನಿಲ್ಲುತ್ತಾರೆ ಎಂದು ಎಂದಾದರೂ ಗಮನಿಸಿದ್ದೀರಾ? ನಾನು ಗಮನಿಸಿರಲಿಲ್ಲ.

ಚಂದಾಪುರದ ನಮ್ಮ ಮನೆಯಿಂದ ಮಸೀದಿಗೆ ಏಳೆಂಟು ನಿಮಿಷದ ದಾರಿ. ಅಸರ್ ನಮಾಝ್‌ಗೆ ಹೊರಟ ಮಾವ ನಡುವೆ ಒಂದು ದಿನಸಿ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಿದ್ದರು. ಹರಟೆಗೆ ಕೂರುತ್ತಾರೆಂದು ನಾವು ನಗುತ್ತಿದ್ದೆವು. 2024ರ ಕೊನೆಯಲ್ಲಿ ಒಂದು ದಿನ ನಾನು ಮದ್ರಸದಿಂದ ಮರಳುವಾಗ ಅಂಗಡಿ ಮುಚ್ಚಿತ್ತು. ಆದರೂ ಅವರು ಅಲ್ಲೇ ಕುಳಿತು ಎಡಗಾಲಿನ ಮೀನಖಂಡ ಒತ್ತಿಕೊಳ್ಳುತ್ತಿದ್ದರು.

"ಏನಾಯ್ತು ಅಬ್ಬಾ?"

"ಏನಿಲ್ಲ ಬೇಟಿ. ಎರಡು ನಿಮಿಷ ಕೂತರೆ ಹೋಗುತ್ತೆ. ನಡೆದರೆ ಮತ್ತೆ ಬರುತ್ತೆ."

ಕಾಯಿಲೆಯ ಗುರುತೆಲ್ಲ ಆ ಮಾತಿನಲ್ಲೇ ಇತ್ತು. ನನಗೆ ತಿಳಿಯಲಿಲ್ಲ. ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಹದಿನೈದು ವರ್ಷದ ಸಕ್ಕರೆ ಕಾಯಿಲೆ, ಅದರ ಮೇಲೆ ಬೀಡಿ. ಹತ್ತಿರದ ಕ್ಲಿನಿಕ್ಕಿನಲ್ಲಿ ನರ ದೌರ್ಬಲ್ಯವೆಂದು ಎರಡು ತಿಂಗಳು ಇಂಜೆಕ್ಷನ್ ಕೊಟ್ಟರು. ಕಾಲಿನ ನಾಡಿ ಮುಟ್ಟಿ ನೋಡಲಿಲ್ಲ. ಆದರೆ ಅವರಿಗಿಂತ ದೊಡ್ಡ ತಪ್ಪು ನನ್ನದು. ನಡೆಯಬೇಡಿ ಎಂದು ಅವರನ್ನು ಮನೆಯಲ್ಲೇ ಕೂರಿಸಿದೆ. ರಾತ್ರಿ ಪಾದಕ್ಕೆ ಬಿಸಿನೀರಿನ ಚೀಲ ಇಟ್ಟೆ. ಸಕ್ಕರೆ ಕಾಯಿಲೆಯಿಂದ ಮರಗಟ್ಟಿದ ಪಾದಕ್ಕೆ ಬಿಸಿ ತಿಳಿಯಲಿಲ್ಲ. ಬೆಳಿಗ್ಗೆ ವುಝೂ ಮಾಡುವಾಗ ಬೊಬ್ಬೆ ಕಂಡಿತು. ಅದು ಒಣಗಲು ಆರು ವಾರ ಬೇಕಾಯಿತು. ಆ ಆರು ವಾರ ನಾನು ನೆಮ್ಮದಿಯಿಂದ ಮಲಗಲಿಲ್ಲ.

ಕೊನೆಗೆ ರಕ್ತನಾಳ ತಜ್ಞರೊಬ್ಬರು ತೋಳಿನ ರಕ್ತದೊತ್ತಡವನ್ನೂ ಕಣಕಾಲಿನ ಒತ್ತಡವನ್ನೂ ಅಳೆದರು. ಕಣಕಾಲಿನದನ್ನು ತೋಳಿನದರಿಂದ ಭಾಗಿಸಿದಾಗ 0.90 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಲಿನ ರಕ್ತನಾಳ ಕಿರಿದಾಗಿದೆ ಎಂದರ್ಥ. ಮಾವನದು 0.68. ಸೂಜಿಯಿಲ್ಲ, ನೋವಿಲ್ಲ. ಈ ಕಾಯಿಲೆಯನ್ನು ವೈದ್ಯರು ಪಿ.ಎ.ಡಿ. ಎನ್ನುತ್ತಾರೆ. ಹೃದಯದ ನಾಳದಲ್ಲಿ ಕಟ್ಟುವ ಕೊಬ್ಬೇ ಕಾಲಿನ ನಾಳದಲ್ಲೂ ಕಟ್ಟುತ್ತದೆ. ಹಾಗಾಗಿ ಇಂಥವರಿಗೆ ಹೃದಯಾಘಾತ, ಪಾರ್ಶ್ವವಾಯುವಿನ ಭಯವೂ ಹೆಚ್ಚು.

ಅವರು ಬರೆದುಕೊಟ್ಟ ಔಷಧಿಗಳಲ್ಲಿ ಮೊದಲನೆಯದು ನಡಿಗೆ! ವಾರಕ್ಕೆ ಕನಿಷ್ಠ ಮೂರು ದಿನ, ನಿಲ್ಲುವ ಹೊತ್ತೂ ಸೇರಿ 30ರಿಂದ 45 ನಿಮಿಷ. ನೋವು ಸಾಕಷ್ಟು ಬರುವವರೆಗೆ ನಡೆಯಬೇಕು, ನಿಲ್ಲಬೇಕು, ಇಳಿದ ಮೇಲೆ ಮತ್ತೆ ನಡೆಯಬೇಕು. ನನಗೆ ಸಿಟ್ಟೇ ಬಂತು. ನೋವಾದರೂ ನಡೆಸಿದರೆ ಇರುವ ನಾಳವೂ ಕೆಡುವುದಿಲ್ಲವೇ ಎಂದು ಕೇಳಿದೆ.

ಪ್ರಶ್ನೆ ದಡ್ಡತನದ್ದಲ್ಲ ಎಂದರು ಆ ಡಾಕ್ಟರ್. ರಕ್ತನಾಳದ ಒಳಗೆ ಎಂಡೋಥೀಲಿಯಂ ಎಂಬ ತೆಳು ಪದರವಿದೆ. ರಕ್ತ ರಭಸವಾಗಿ ಹರಿದಾಗ ಅದು ನೈಟ್ರಿಕ್ ಆಕ್ಸೈಡ್ ಬಿಡುತ್ತದೆ, ನಾಳ ಹಿಗ್ಗುತ್ತದೆ. ಇದನ್ನು ಕಂಡುಕೊಂಡವರಿಗೆ 1998ರಲ್ಲಿ ನೊಬೆಲ್ ಬಹುಮಾನ ಬಂತು. ಈ ಕಾಯಿಲೆಯವರಲ್ಲಿ ಆ ಪದರ ಮೊದಲೇ ಸೊರಗಿರುತ್ತದೆ. ನೋವು ಬರುವಷ್ಟು ನಡೆದಾಗ ಸ್ನಾಯುವಿಗೆ ರಕ್ತ ಸಾಲದೆ, ನಾಳ ಹಿಗ್ಗುವ ಶಕ್ತಿ ಸ್ವಲ್ಪ ಹೊತ್ತು ಇನ್ನೂ ತಗ್ಗಬಹುದು. ಅದನ್ನು ತಡೆಯುವುದು ಹೇಗೆಂದು ಸಂಶೋಧಕರು ಹುಡುಕುತ್ತಲೇ ಇದ್ದಾರೆ. ಆದರೆ ತಿಂಗಳುಗಟ್ಟಲೆ ನಡೆದವರ ಲೆಕ್ಕ ಬೇರೆ. ಅಮೆರಿಕದಲ್ಲಿ 305 ರೋಗಿಗಳ ಮೇಲೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಒಂದು ವರ್ಷ ನೋವು ಬರುವಷ್ಟು ಬಿರುಸಾಗಿ ನಡೆದವರು ಹೆಚ್ಚು ದೂರ ನಡೆಯುವಂತಾದರು. ನೋವಾಗದಂತೆ ಮೆಲ್ಲಗೆ ನಡೆದವರಿಗೆ ಆ ಲಾಭ ಸಿಗಲಿಲ್ಲ. ನನ್ನ ಕರುಣೆ ಮಾವನಿಗೆ ಮಾಡಿದ್ದೇನು ಎಂದು ಆಗ ಅರಿವಾಯಿತು.

ಹಾಗೆಂದು ಇದನ್ನು ಓದಿ ನಾಳೆಯೇ ಯಾರನ್ನೂ ಓಡಿಸಬೇಡಿ. ಮೊದಲು ಹೃದಯದ ಪರೀಕ್ಷೆ ಆಗಲಿ. ಮಲಗಿದ್ದಾಗಲೂ ಪಾದ ನೋಯುತ್ತಿದ್ದರೆ, ಗಾಯ ಒಣಗದಿದ್ದರೆ, ಬೆರಳು ಕಪ್ಪಾದರೆ ನಡಿಗೆಯ ಮಾತೇ ಬೇಡ, ಕೂಡಲೇ ಆಸ್ಪತ್ರೆಗೆ ಹೋಗಿ.

ಆ ಒಳಪದರವನ್ನು ಕಾಯಲು ನಮ್ಮ ಕೈಯಲ್ಲಿರುವುದು ಬೀಡಿ ಬಿಡಿಸುವುದು, ಸಕ್ಕರೆ, ರಕ್ತದೊತ್ತಡ ಹದ್ದಿನಲ್ಲಿಡುವುದು, ಕೊಬ್ಬಿನ ಮಾತ್ರೆ ತಪ್ಪಿಸದಿರುವುದು. ಬೀಡಿಯೇ ಕಷ್ಟವಾಯಿತು. ಅದಿಲ್ಲದೆ ಬೆಳಿಗ್ಗೆ ಹೊಟ್ಟೆ ಖಾಲಿಯಾಗದು ಎಂದು ಮಾವನ ವಾದ. ಎರಡು ಸಲ ಬಿಟ್ಟು ಮತ್ತೆ ಹಿಡಿದರು. ಮೂರನೆಯ ಸಲ ಬಿಟ್ಟಿದ್ದಾರೆ, ಇನ್ನೂ ಹಿಡಿದಿಲ್ಲ.

ನಡೆಯುವುದಾದರೂ ಎಲ್ಲಿ? ಚಂದಾಪುರ ಸರ್ಕಲ್ಲಿನ ಲಾರಿ, ಹೊಗೆ, ಹೊಸೂರು ರಸ್ತೆಯ ನೂಕುನುಗ್ಗಲು ನೀವು ಬಲ್ಲಿರಿ. ಫಜ್ರ್ ಬಳಿಕ ಬಡಾವಣೆಯ ಒಳರಸ್ತೆಯಲ್ಲಿ, ಮಳೆಯಿದ್ದರೆ ಮನೆಯ ಹಾಲಿನಲ್ಲೇ ನಡೆದರು. ಬರಿಗಾಲಲ್ಲಿ ಅಲ್ಲ, ಶೂ ಹಾಕಿಕೊಂಡು. ನಾಲ್ಕನೆಯ ತಿಂಗಳು ಅಂಗಡಿಯ ಕಟ್ಟೆ ದಾಟಿ ನೇರ ಮಸೀದಿಗೆ ಹೋದರು. ಪಾದವನ್ನು ದಿನವೂ ವುಝೂವಿನಲ್ಲೇ ನೋಡುತ್ತೇವೆ. ಬೆರಳ ಸಂದುಗಳಲ್ಲಿ ಬೆರಳಾಡಿಸುವಾಗ ಮೊಮ್ಮಗ ಮೊಬೈಲ್ ಬೆಳಕು ಹಿಡಿಯುತ್ತಾನೆ.

ಸಹೋದರಿಯರೇ, ಇನ್ನೊಂದು ಸಂಗತಿ. ಮಾವನ ಜೊತೆ ಬಂದಿದ್ದ ಅತ್ತೆಗೂ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದು ಡಾಕ್ಟರ್ ಅವರ ಕಾಲನ್ನೂ ಅಳೆದರು. 0.82! ಅವರು ಒಮ್ಮೆಯೂ ಕಾಲುನೋವು ಎಂದವರಲ್ಲ. ನೋವು ಬರುವಷ್ಟು ದೂರ ಅವರು ನಡೆದಿದ್ದಾದರೂ ಯಾವಾಗ? ಅಡುಗೆಮನೆಯಿಂದ ಹಿತ್ತಲು, ಹಿತ್ತಲಿನಿಂದ ಅಡುಗೆಮನೆ.

ರಸ್ತೆಯಲ್ಲಿ ನಡೆಯಲು ಸಂಕೋಚ ಎಂದು ಅತ್ತೆ ಟೆರೇಸನ್ನು ಆರಿಸಿಕೊಂಡರು. 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರಕ್ಕೆ ಮೆಟ್ರೋ ಬಂದ ಮೇಲೆ ಜಯನಗರದ ತಂಗಿಯ ಮನೆಗೆ ಅದರಲ್ಲೇ ಹೋಗುವ ಆಸೆ ಅವರದು. ಈಗ ಸಂಜೆ ನೀರಿನ ಟ್ಯಾಂಕಿನ ಸುತ್ತ ಹತ್ತು ಸುತ್ತು ಹಾಕಿ, ಗೋಡೆ ಹಿಡಿದು ನಿಂತು, "ಬಂತು ನೋಡು ನೋವು" ಎನ್ನುತ್ತಾರೆ. ಇಳಿಯುವವರೆಗೆ ನಾನೂ ಪಕ್ಕದಲ್ಲೇ ನಿಂತಿರುತ್ತೇನೆ.