ಹೊಳೆಯದ ಕಬ್ಬಿಣ

ನಾಟಿಂಗ್‌ಹ್ಯಾಮ್
28 ಸೆಪ್ಟೆಂಬರ್ 2024, ಶನಿವಾರ

ನವೆಂಬರಿನ ಆಟಕ್ಕೆ ಕಾರ್ಖಾನೆಯ ದೃಶ್ಯವಿರುವ ಟೇಬಲ್ ಮಾಡಿಕೊಡುವ ಕೆಲಸ ಕ್ಲಬ್ಬಿನವರು ನನಗೆ ವಹಿಸಿದ್ದಾರೆ. ಪುಟ್ಟ ಸೈನಿಕ ಬೊಂಬೆಗಳಿಂದ ಆಡುವ ವಾರ್‌ಹ್ಯಾಮರ್ 40,000 ಆಟದ ಕಣ ಈಗ 60 ಇಂಚು ಉದ್ದ, 44 ಇಂಚು ಅಗಲ. ಅಷ್ಟರೊಳಗೆ ಕುಲುಮೆ, ಕೊಳವೆ, ಏಣಿ, ಕಬ್ಬಿಣದ ಅಟ್ಟಣೆ ಎಲ್ಲ ನಿಲ್ಲಬೇಕು. ಕಟ್ಟುವುದು ಮುಗಿದಿದೆ. ಅರ್ಧ ಪ್ಲಾಸ್ಟಿಕ್ ಕಿಟ್‌ಗಳು, ಗೋಡೆಗಳಿಗೆ ಎಂಡಿಎಫ್ ಹಲಗೆ, ಕುಲುಮೆಯ ಬುಡಕ್ಕೆ ಟಿವಿ ಪೆಟ್ಟಿಗೆಯ ಥರ್ಮಾಕೋಲ್. ಇಷ್ಟನ್ನೂ ಬ್ರಷ್ ಹಿಡಿದು ಬಳಿಯುತ್ತ ಕೂತರೆ ದೀಪಾವಳಿ ದಾಟುತ್ತದೆ. ಸ್ಪ್ರೇ ಡಬ್ಬಿಯೇ ಸರಿ. ಆದರೆ ಯಾವ ಡಬ್ಬಿ?

ಈ ಆಟವನ್ನು ತಯಾರಿಸುವ ಗೇಮ್ಸ್ ವರ್ಕ್‌ಶಾಪ್‌ನ ಕೇಂದ್ರ ಕಚೇರಿ ಇದೇ ಊರಿನ ಲೆಂಟನ್‌ನಲ್ಲಿದೆ. ಹಾಗಾಗಿ ಇಲ್ಲಿ ಬಣ್ಣಕ್ಕೆ ಬರವಿಲ್ಲ. ಅವರದೇ ಸಿಟಡೆಲ್ ಬ್ರ್ಯಾಂಡಿನ ಲೆಡ್‌ಬೆಲ್ಚರ್ ತಂದೆ, ಆರ್ಮಿ ಪೇಂಟರ್‌ನ ಪ್ಲೇಟ್ ಮೇಲ್ ಮೆಟಲ್ ತಂದೆ. ಕಾರಿನ ಚಕ್ರಕ್ಕೆ ಹೊಡೆಯುವ ಸಿಲ್ವರ್ ಒಂದು, ಕ್ರೋಮ್ ಎಂದು ಬರೆದ ಅಗ್ಗದ ಡಬ್ಬಿ ಒಂದು.

5 ಅಕ್ಟೋಬರ್, ಶನಿವಾರ

ಪ್ಲಾಸ್ಟಿಕ್ ಚಮಚಗಳಿಗೆ ಮೊದಲು ಮ್ಯಾಟ್ ಕಪ್ಪು ಹೊಡೆದು, ಒಣಗಿದ ಮೇಲೆ ಒಂದೊಂದರ ಮೇಲೆ ಒಂದೊಂದು ಡಬ್ಬಿ ಪ್ರಯೋಗಿಸಿದೆ. ಎಲ್ಲದರ ಹತ್ತಿರವೂ ನಮ್ಮ ಒಬ್ಬ ಸೈನಿಕನನ್ನು ನಿಲ್ಲಿಸಿ ನೋಡಿದೆ.

ಕ್ರೋಮ್ ಕನ್ನಡಿಯಂತೆ ಮಿಂಚಿತು. ಹೆಬ್ಬೆರಳಿಂದ ಒರೆಸಿದರೆ ಬೆರಳೆಲ್ಲ ಬೂದಿ ಬಣ್ಣ. ಇಂಥ ಬಣ್ಣದಲ್ಲಿ ಅಲ್ಯೂಮಿನಿಯಂ ಚಕ್ಕೆಗಳು ತೇಲಿ ಮೇಲ್ಮೈಗೆ ಬಂದು ಮಲಗುತ್ತವೆ. ಮಿಂಚು ಬರುವುದು ಅದರಿಂದಲೇ, ಕೈಗೆ ಅಂಟುವುದೂ ಅದರಿಂದಲೇ. ಕಾಪಾಡೋಣವೆಂದು ಮೇಲೆ ವಾರ್ನಿಶ್ ಹೊಡೆದರೆ ಮಿಂಚು ಸತ್ತು ಸಾದಾ ಬೂದು ಉಳಿಯುತ್ತದೆ. ಆಟದ ನಡುವೆ ಹತ್ತಾರು ಕೈ ಮುಟ್ಟುವ ವಸ್ತುವಿಗೆ ಇದು ಆಗುವ ಮಾತಲ್ಲ.

ಚಕ್ರದ ಸಿಲ್ವರ್ ಗಟ್ಟಿ. ಆದರೆ ಅದರ ಚಕ್ಕೆ ದಪ್ಪ. ನಿಜವಾದ ಚಕ್ರದ ಮೇಲೆ ಚೆಂದ ಕಾಣುವ ಆ ಮಿಣುಕು, 28 ಮಿಲಿಮೀಟರ್ ಎತ್ತರದ ಮನುಷ್ಯನ ಪಕ್ಕದಲ್ಲಿ ಜರಿ ಪುಡಿ ಎರಚಿದ ಹಾಗೆ ಕಾಣುತ್ತದೆ. ಪ್ಲೇಟ್ ಮೇಲ್ ನಯವಾಗಿದೆ, ಯೋಧನ ಕವಚಕ್ಕೆ ಹೇಳಿ ಮಾಡಿಸಿದ್ದು. ಕಾರ್ಖಾನೆಗೆ ಬೆಳಕು ಜಾಸ್ತಿಯಾಯಿತು. ಲೆಡ್‌ಬೆಲ್ಚರ್ ಒಂದು ಮೆಟ್ಟಿಲು ಕಪ್ಪು, ಕೋವಿಯ ನಳಿಗೆಯ ಬಣ್ಣ. ಮನಸ್ಸು ಆ ಕಡೆ ವಾಲಿದೆ.

6 ಅಕ್ಟೋಬರ್, ಭಾನುವಾರ

ಇಲ್ಕೆಸ್ಟನ್ ಹತ್ತಿರದ ಬೆನರ್ಲಿ ವಯಾಡಕ್ಟ್‌ಗೆ ಹೋಗಿಬಂದೆ. 1877ರಲ್ಲಿ ಕಟ್ಟಿ ಮುಗಿದ ರೈಲು ಸೇತುವೆ, ಮೆದುಕಬ್ಬಿಣದ್ದು. 1968ರಲ್ಲಿ ರೈಲು ನಿಂತಿತು. 2022ರಿಂದ ನಡೆದು ದಾಟಬಹುದು. ಕಂಬಗಳ ಕೆಳಗೆ ನಿಂತು ತುಂಬ ಹೊತ್ತು ನೋಡಿದೆ. ಎಲ್ಲೂ ಬೆಳ್ಳಿ ಇಲ್ಲ. ತುಕ್ಕು ಕೂಡ ಒಂದೇ ಬಣ್ಣವಲ್ಲ: ರಿವೆಟ್ಟಿನ ಸುತ್ತ ಕಪ್ಪು ಕಂದು, ನೀರಿಳಿದ ಗೆರೆಯಲ್ಲಿ ಕಿತ್ತಳೆ, ಮಳೆ ತಾಗದ ಒಳಮೈಯಲ್ಲಿ ಬರಿಯ ಮಸಿ. ಮೇಲೆ ಹತ್ತಿ ಕಣಿವೆ ನೋಡಿದರೆ ಕೆಳಗೆ ಈಗಲೂ ರೈಲು ಓಡುವ ಹಳಿ. ಅದರ ನೆತ್ತಿ ಮಾತ್ರ ಥಳಥಳ, ಪಕ್ಕೆಯೆಲ್ಲ ಕಂದು.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಇದನ್ನೇ ಹೇಳಿದೆ. ಅವರು ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. 1923ರಿಂದ ಕಬ್ಬಿಣ ಕಂಡ ಜಾಗ ಅದು.

“ಕಬ್ಬಿಣ ಸುಮ್ ಸುಮ್ನೆ ಹೊಳೆಯಲ್ಲ ಮಗಾ. ಉಜ್ಜಿದ ಕಡೆ ಮಾತ್ರ ಹೊಳೆಯುತ್ತೆ. ಏಣಿ ಮೆಟ್ಲು, ಲಿವರ್ ಹಿಡಿ, ಬಾಗಿಲ ಅಗುಳಿ. ಉಳಿದಿದ್ದೆಲ್ಲ ಮಸಿ, ಎಣ್ಣೆ, ಧೂಳು.”

“ಹಾಗಾದ್ರೆ ಕಪ್ಪೇ ಹೊಡೀಲಾ ಅಪ್ಪ?”

“ಕಪ್ಪಲ್ಲ ಕಣೋ, ಕಪ್ಪಿನೊಳಗೆ ಕಬ್ಬಿಣ ಇದೆ ಅಂತ ಗೊತ್ತಾಗ್ಬೇಕು.”

ಯಾವ ಡಬ್ಬಿ ಎಂಬುದು ಅಲ್ಲಿಗೆ ಇತ್ಯರ್ಥವಾಯಿತು.

11 ಅಕ್ಟೋಬರ್, ಶುಕ್ರವಾರ

ಆಯುಧಪೂಜೆ. ಕಟರ್, ಅರ, ಏರ್‌ಬ್ರಷ್ ಒರೆಸಿ ಕುಂಕುಮ ಇಟ್ಟೆ. ಸಂಜೆ ಥರ್ಮಾಕೋಲ್ ಬುಡಕ್ಕೆ ಬಿಳಿ ಗೋಂದು, ಕಪ್ಪು ಅಕ್ರಿಲಿಕ್ ಬೆರೆಸಿ ಎರಡು ಕೋಟ್ ಬಳಿದೆ. ಸಂದುಗೊಂದು ಬಿಡುವ ಹಾಗಿಲ್ಲ. ಒಂದು ತೂತು ಉಳಿದರೂ ಸ್ಪ್ರೇಯ ದ್ರಾವಕ ಒಳನುಗ್ಗಿ ಥರ್ಮಾಕೋಲನ್ನು ಕರಗಿಸಿ ಗುಳಿ ಮಾಡುತ್ತದೆ. ಎಂಡಿಎಫ್‌ನ ಕತ್ತರಿಸಿದ ಅಂಚುಗಳಿಗೂ ಅದನ್ನೇ ಬಳಿದೆ, ಇಲ್ಲವಾದರೆ ಬಣ್ಣವನ್ನೆಲ್ಲ ಹೀರುತ್ತವೆ.

13 ಅಕ್ಟೋಬರ್, ಭಾನುವಾರ

ಮಳೆ ಇಲ್ಲ, ಗಾಳಿ ಇಲ್ಲ. ಹಿತ್ತಲಲ್ಲಿ ರಟ್ಟಿನ ಪೆಟ್ಟಿಗೆ ಇಟ್ಟು, ಮಾಸ್ಕ್ ಹಾಕಿಕೊಂಡು ಶುರು ಮಾಡಿದೆ. ಚಳಿಗೆ ಡಬ್ಬಿಯ ಒತ್ತಡ ಕುಗ್ಗಿ ಬಣ್ಣ ಉಗುಳು ಉಗುಳಾಗಿ ಬೀಳುತ್ತದೆ. ಅದಕ್ಕೇ ಸ್ವಲ್ಪ ಹೊತ್ತು ಉಗುರುಬೆಚ್ಚಗಿನ ನೀರಲ್ಲಿ ನಿಲ್ಲಿಸಿದ್ದೆ. ಬಿಸಿನೀರು ಕೂಡದು, ಡಬ್ಬಿ 50 ಡಿಗ್ರಿ ದಾಟಿದರೆ ಅಪಾಯ. ಮೆಟಾಲಿಕ್ ಡಬ್ಬಿಯನ್ನು ಉಳಿದವಕ್ಕಿಂತ ಹೆಚ್ಚು ಕುಲುಕಬೇಕು, ಚಕ್ಕೆ ತಳಕ್ಕೆ ಇಳಿದಿರುತ್ತದೆ. ಒಳಗಿನ ಗುಂಡು ಸಲೀಸಾಗಿ ಓಡಾಡುವ ಸದ್ದು ಕೇಳಿದ ಮೇಲೂ ಎರಡು ನಿಮಿಷ ಕುಲುಕಿದೆ.

ಮೊದಲು ಎಲ್ಲ ಕಡೆಯಿಂದ ಮ್ಯಾಟ್ ಕಪ್ಪು. ಆಮೇಲೆ ಒಂದು ಅಡಿ ದೂರದಿಂದ, ಮೇಲ್ಗಡೆಯ ಒಂದೇ ಓರೆಯಿಂದ, ಲೆಡ್‌ಬೆಲ್ಚರ್. ಪೂರ್ತಿ ಮುಚ್ಚಲಿಲ್ಲ. ಕೊಳವೆಯ ಹೊಟ್ಟೆ, ಅಟ್ಟಣೆಯ ಅಡಿ, ರಿವೆಟ್ಟಿನ ನೆರಳು ಕಪ್ಪಾಗಿಯೇ ಉಳಿದವು. ಕಂದು, ಕಪ್ಪು ಬೆರೆಸಿ ನೀರು ಮಾಡಿದ ವಾಶ್ ಹರಿಸಿದಾಗ ಕುಲುಮೆಗೆ ತೂಕ ಬಂತು. ಹರಿದ ಸ್ಪಂಜಿನ ತುಂಡಿನಿಂದ ಬೆನರ್ಲಿಯ ಮೂರೂ ಬಣ್ಣ ಒತ್ತಿದೆ: ಕಂದು ಹೆಚ್ಚು, ಕಿತ್ತಳೆ ನೀರಿಳಿಯುವ ಕಡೆ ಮಾತ್ರ.

ಕೊನೆಗೆ ಮ್ಯಾಟ್ ವಾರ್ನಿಶ್. ಮೆಟಾಲಿಕ್ ಮೇಲೆ ಮ್ಯಾಟ್ ಹೊಡೆದರೆ ಹೊಳಪು ಇಳಿಯುತ್ತದೆಂದು ಹಲವರು ಹೆದರುತ್ತಾರೆ. ಆಟದ ಕಟ್ಟಡಗಳಿಗೆ ಬೇಕಾದ್ದೇ ಅದು. ವಾರಗಟ್ಟಲೆ ಕೂತು ಬಣ್ಣ ಹಚ್ಚಿದ ಸೈನಿಕರು ಎದ್ದು ಕಾಣಬೇಕಾದ ಕಣದಲ್ಲಿ ಗೋಡೆ ಅವರಿಗಿಂತ ಮಿಂಚಬಾರದು. ವಾರ್ನಿಶ್ ಒಣಗಿದ ಮೇಲೆ ಸಣ್ಣ ಬ್ರಷ್‌ನಲ್ಲಿ ಬೆಳ್ಳಿ ತೆಗೆದುಕೊಂಡು ಏಣಿಯ ಮೆಟ್ಟಿಲ ನಡುಭಾಗ, ಲಿವರ್ ಹಿಡಿ, ಅಗುಳಿಗಳಿಗೆ ಸವರಿದೆ. ಫೋಟೊ ತೆಗೆದು ಅಪ್ಪನಿಗೆ ಕಳಿಸಿದೆ. “ಕೈಕಂಬಿ ಬಿಟ್ಟಿದ್ದೀಯ” ಎಂದು ಉತ್ತರ ಬಂತು. ಅದಕ್ಕೂ ಹಚ್ಚಿದೆ.

20 ಅಕ್ಟೋಬರ್, ಭಾನುವಾರ

ಬೆಂಗಳೂರಿನ ಗೆಳೆಯ, ನಾನು ಡಿಸೆಂಬರಿನಲ್ಲಿ ಅಲ್ಲಿಗೆ ಬರುವಾಗ ಲೆಡ್‌ಬೆಲ್ಚರ್ ಡಬ್ಬಿ ತರಲು ಹೇಳಿದ್ದಾನೆ. ಸ್ಪ್ರೇ ಪೇಂಟ್ ವಿಮಾನದಲ್ಲಿ ಕೈಚೀಲಕ್ಕೂ ಇಲ್ಲ, ದೊಡ್ಡ ಪೆಟ್ಟಿಗೆಗೂ ಇಲ್ಲ. ಅವನಿಗೆ ಬರೆದದ್ದು ಇಷ್ಟು: ಜೆ.ಸಿ. ರಸ್ತೆಯ ಆಟೊಮೊಬೈಲ್ ಅಂಗಡಿಗಳಲ್ಲಿ ಮ್ಯಾಟ್ ಕಪ್ಪು ಒಂದು, ಚಕ್ಕೆ ಸಣ್ಣದಿರುವ ಕಡು ಬೂದು ಮೆಟಾಲಿಕ್ ಒಂದು ಕೇಳು. ಮುಚ್ಚಳದ ಬಣ್ಣ ನಂಬಬೇಡ, ಚಮಚದ ಮೇಲೆ ಹೊಡೆದು ಸೈನಿಕನ ಪಕ್ಕ ಇಟ್ಟು ನೋಡು. ಎರಡರ ನಡುವೆ ಅನುಮಾನ ಬಂದರೆ ಕಪ್ಪಗಿರುವುದನ್ನೇ ತಗೋ. ಕ್ರೋಮ್‌ಗೆ ಮಾತ್ರ ದುಡ್ಡು ಹಾಕಬೇಡ.